ಕೆನ್ ಆ್ಯಂಡರ್ಸನ್‌ಗೆ ಹಾಲ್ ಆಫ್ ಫೇಮ್ ಸಲ್ಲಬೇಕೇ? ಒಂದು ಪ್ರಕರಣ ಅಧ್ಯಯನ

ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ ಕೆನ್ ಆ್ಯಂಡರ್ಸನ್ 1971ರಿಂದ 1986ರವರೆಗೆ ಒಂದೇ ತಂಡಕ್ಕೆ ಆಡಿದರು, ಸಿನ್ಸಿನಾಟಿ ಬೆಂಗಾಲ್ಸ್‌ಗೆ. ಆ 16 ಸೀಸನ್‌ಗಳಲ್ಲಿ ನಾಲ್ಕು ಸಲ ಇಡೀ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಆ ಆಟದ ವೃತ್ತಿಪರ ಲೀಗ್‌ನಲ್ಲಿ, ಅವರಿಗಿಂತ ಮೇಲಿನ ಪಾಸರ್ ರೇಟಿಂಗ್ ಯಾರಿಗೂ ಇರಲಿಲ್ಲ. 1981ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ, ಅಂದರೆ ಎಂವಿಪಿ, ಅವರಿಗೇ ಬಂತು. ಅದೇ ಸೀಸನ್‌ನಲ್ಲಿ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಕರೆದುಕೊಂಡು ಹೋದರು. ಆದರೂ ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಈ ಆಟದ ದಿಗ್ಗಜರ ಗೌರವ ಮಂದಿರದಲ್ಲಿ, ಅವರ ಕಂಚಿನ ಪ್ರತಿಮೆ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇರಬೇಕಿತ್ತು, ಅದೂ ಕಾಲು ಶತಮಾನದ ಹಿಂದೆಯೇ. ಎದುರು ವಾದದಲ್ಲಿ ಹುರುಳಿಲ್ಲ ಅಂತಲ್ಲ. ಅದನ್ನೂ ಇಲ್ಲಿ ಪೂರ್ತಿ ಇಡುತ್ತೇನೆ. ಆದರೆ ಇಷ್ಟು ವರ್ಷ ಅವರನ್ನು ಹೊರಗೆ ನಿಲ್ಲಿಸಿದ್ದು ಆ ವಾದವಲ್ಲ. ತಂಡದ ಕಪ್ಪನ್ನೂ ಆಟಗಾರನ ಕೆಲಸವನ್ನೂ ಬೇರೆ ಬೇರೆ ಮಾಡಿ ನೋಡದ ಅಭ್ಯಾಸ.

ಈ ಆಟ ಅಷ್ಟಾಗಿ ನೋಡದವರಿಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ದಾಳಿಯ ಸೂತ್ರ ಹಿಡಿದವನು. ಪ್ರತಿ ಆಟವೂ ಅವನ ಕೈಗೆ ಚೆಂಡು ಬಂದೇ ಮುಂದುವರಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಅವನು ಅದನ್ನು ಓಡುವವನ ಕೈಗಿಡಬೇಕು, ಇಲ್ಲಾ ದೂರದಲ್ಲಿ ಓಡುತ್ತಿರುವ ರಿಸೀವರ್‌ಗೆ ಎಸೆಯಬೇಕು. ಎಸೆದದ್ದು ಎದುರಾಳಿಯ ಕೈಸೇರಿದರೆ ಅದು ಇಂಟರ್‌ಸೆಪ್ಶನ್. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಪಾಸರ್ ರೇಟಿಂಗ್ ಎನ್ನುವುದು 1973ರಿಂದ ಲೀಗ್ ಬಳಸುತ್ತಿರುವ ಲೆಕ್ಕ. ಎಷ್ಟು ಪಾಸ್ ಗುರಿ ಮುಟ್ಟಿದವು, ಪ್ರತಿ ಎಸೆತಕ್ಕೆ ಎಷ್ಟು ಯಾರ್ಡ್ ಬಂತು, ಎಷ್ಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸುವುದು), ಎಷ್ಟು ಇಂಟರ್‌ಸೆಪ್ಶನ್ ಎಂಬ ನಾಲ್ಕನ್ನೂ ಸೇರಿಸಿ ತೆಗೆಯುವ ಅಂಕಿ ಅದು. ಗರಿಷ್ಠ 158.3.

ಸಣ್ಣ ಕಾಲೇಜಿನಿಂದ ಬಂದವರು

ಆ್ಯಂಡರ್ಸನ್ ಹುಟ್ಟಿದ್ದು 1949ರಲ್ಲಿ, ಇಲಿನಾಯ್ ರಾಜ್ಯದ ಬಟೇವಿಯಾದಲ್ಲಿ. ಓದಿದ್ದು ಅಗಸ್ಟಾನಾ ಎಂಬ ಸಣ್ಣ ಕಾಲೇಜಿನಲ್ಲಿ. ಟಿವಿಯಲ್ಲಿ ಮೆರೆಯುವ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿನದಲ್ಲ ಅದು. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1971ರಲ್ಲಿ, ಮೊದಲ ಹೆಸರು ಜಿಮ್ ಪ್ಲಂಕೆಟ್, ಎರಡನೆಯದು ಆರ್ಚೀ ಮ್ಯಾನಿಂಗ್. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಇಬ್ಬರೂ ಆಗಲೇ ಹೆಸರು ಮಾಡಿದವರು. ಆ್ಯಂಡರ್ಸನ್ ಹೆಸರು ಬಂದದ್ದು ಮೂರನೇ ಸುತ್ತಿನಲ್ಲಿ, 67ನೆಯದಾಗಿ.

ಬೆಂಗಾಲ್ಸ್ ಆಗ ಹೊಸ ತಂಡ. 1968ರಲ್ಲಷ್ಟೇ ಶುರುವಾಗಿತ್ತು. ಕಟ್ಟಿದವರೂ ಕೋಚ್ ಆಗಿದ್ದವರೂ ಪಾಲ್ ಬ್ರೌನ್. ಅವರ ಕೈಕೆಳಗೆ ಪಾಸಿಂಗ್ ನೋಡಿಕೊಳ್ಳುತ್ತಿದ್ದ ಸಹಾಯಕ ಕೋಚ್ ಬಿಲ್ ವಾಲ್ಶ್. ಈ ವಾಲ್ಶ್ ಹೆಸರು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣದ ಗಂಟು ಅವರ ಹತ್ತಿರವೇ ಇದೆ.

ತಂಡಕ್ಕೆ ಗ್ರೆಗ್ ಕುಕ್ ಎಂಬ ಅದ್ಭುತ ತೋಳಿನ ಹುಡುಗ ಸಿಕ್ಕಿದ್ದ. 1969ರಲ್ಲಿ ಅವನ ಭುಜ ಕೆಟ್ಟಿತು. ಬದಲಿಗೆ ಬಂದ ವರ್ಜಿಲ್ ಕಾರ್ಟರ್‌ಗೆ ದೂರ ಎಸೆಯುವ ಶಕ್ತಿ ಇರಲಿಲ್ಲ. ಹಾಗಾಗಿ ವಾಲ್ಶ್ ಬೇರೆ ದಾರಿ ಹುಡುಕಿದರು. ದೂರದ ಎಸೆತ ಬಿಟ್ಟು, ಸಣ್ಣ ಸಣ್ಣ ಪಾಸ್‌ಗಳಲ್ಲಿ ಮೈದಾನದ ಅಗಲವನ್ನೆಲ್ಲ ಬಳಸುವುದು. ರಿಸೀವರ್ ಎಷ್ಟನೇ ಹೆಜ್ಜೆಯಲ್ಲಿ ತಿರುಗುತ್ತಾನೋ ಅದಕ್ಕೆ ಸರಿಯಾಗಿ ಚೆಂಡು ಅಲ್ಲಿಗೆ ಬಂದಿರಬೇಕು. ಮುಂದೆ ವೆಸ್ಟ್ ಕೋಸ್ಟ್ ಅಫೆನ್ಸ್ ಎಂದು ಹೆಸರಾದ ಪದ್ಧತಿ ಇದೇ. 1980ರ ದಶಕದಿಂದ ಈಚೆಗೆ ಲೀಗ್‌ನ ಅರ್ಧಕ್ಕರ್ಧ ತಂಡಗಳು ಇದನ್ನೋ ಇದರ ಮಕ್ಕಳು ಮೊಮ್ಮಕ್ಕಳನ್ನೋ ಆಡುತ್ತಾ ಬಂದಿವೆ.

ಕಾರ್ಟರ್ ಕೈಯಲ್ಲಿ ಅದು ಬಡವನ ಉಪಾಯವಾಗಿತ್ತು. ಆ್ಯಂಡರ್ಸನ್ ಕೈಗೆ ಬಂದ ಮೇಲೆ ಅದು ಆಯುಧವಾಯಿತು. ಅವರಿಗೆ ತೋಳಲ್ಲಿ ಶಕ್ತಿಯೂ ಇತ್ತು, ಕಾಲಲ್ಲಿ ಓಟವೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಗುರಿ ಇತ್ತು. 1974ರಲ್ಲಿ ಅವರ ನೂರಕ್ಕೆ 64.9 ಪಾಸ್ ಗುರಿ ಮುಟ್ಟಿದವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಟ್ಟಿದರೆ ಸಾಕಪ್ಪಾ ಎನ್ನುತ್ತಿದ್ದ ಕಾಲ ಅದು. ಆ ವರ್ಷ ರೇಟಿಂಗ್‌ನಲ್ಲೂ (95.7), ಯಾರ್ಡ್‌ಗಳಲ್ಲೂ (2,667) ಅವರೇ ಲೀಗ್‌ಗೆ ಮೊದಲು. 1975ರಲ್ಲಿ ಮತ್ತೆ ಎರಡರಲ್ಲೂ ಅವರೇ. ಅದೇ ನವೆಂಬರ್‌ನ ಒಂದು ಸೋಮವಾರ ರಾತ್ರಿ ಬಫಲೋ ವಿರುದ್ಧ 447 ಯಾರ್ಡ್ ಎಸೆದರು.

1974ರ ನವೆಂಬರ್ 10ರ ಪಂದ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎದುರಿಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಜೋ ಗ್ರೀನ್, ಎಲ್. ಸಿ. ಗ್ರೀನ್‌ವುಡ್ ಇದ್ದ ಆ ರಕ್ಷಣಾ ಸಾಲಿನ ಹೆಸರು ಕೇಳಿದರೆ ಕ್ವಾರ್ಟರ್‌ಬ್ಯಾಕ್‌ಗಳಿಗೆ ಚಳಿ ಬರುತ್ತಿತ್ತು. ಅದೇ ಸೀಸನ್‌ನಲ್ಲಿ ಸ್ಟೀಲರ್ಸ್ ಸೂಪರ್ ಬೌಲ್ ಗೆದ್ದಿತು. ಅಂಥವರ ಮುಂದೆ ಆ್ಯಂಡರ್ಸನ್ 22 ಪಾಸ್ ಎಸೆದರು, 20 ಗುರಿ ಮುಟ್ಟಿದವು. ಅದರಲ್ಲಿ 16 ಒಂದರ ಹಿಂದೆ ಒಂದು. ಸಿನ್ಸಿನಾಟಿ 17-10ರಿಂದ ಗೆದ್ದಿತು. ಯಾವುದೋ ಕೈಲಾಗದ ತಂಡದ ಎದುರು ಈ ಲೆಕ್ಕ ಬಂದಿದ್ದರೆ ನಾನು ಇಲ್ಲಿ ಎತ್ತುತ್ತಲೇ ಇರಲಿಲ್ಲ.

ಕತ್ತಲ ವರ್ಷಗಳು

ಈಗ ಎದುರು ವಾದ. ಇದನ್ನು ಮುಚ್ಚಿಟ್ಟು ಆ್ಯಂಡರ್ಸನ್ ಪರ ಮಾತಾಡುವವರು ಅವರಿಗೆ ಉಪಕಾರ ಮಾಡುತ್ತಿಲ್ಲ.

1975ರ ಸೀಸನ್ ಮುಗಿದ ಮೇಲೆ ಪಾಲ್ ಬ್ರೌನ್ ಕೋಚ್ ಹುದ್ದೆ ಬಿಟ್ಟರು. ಜಾಗ ತನಗೇ ಎಂದು ವಾಲ್ಶ್ ಕಾದಿದ್ದರು. ಬ್ರೌನ್ ಅದನ್ನು ಬಿಲ್ ಜಾನ್ಸನ್‌ಗೆ ಕೊಟ್ಟರು. ವಾಲ್ಶ್ ಬೇಸರದಿಂದ ತಂಡ ಬಿಟ್ಟು ಸ್ಯಾನ್ ಡಿಯಾಗೊಗೆ ಹೋದರು. ಅಲ್ಲಿಂದ ಬೆಂಗಾಲ್ಸ್ ಇಳಿಯುತ್ತಾ ಹೋಯಿತು. 1978ರಲ್ಲಿ ಆ್ಯಂಡರ್ಸನ್ ಕೈ ಮುರಿದುಕೊಂಡು ಶುರುವಿನ ಪಂದ್ಯಗಳನ್ನು ಕಳೆದುಕೊಂಡರು. ತಂಡ ಸಾಲಾಗಿ ಐದು ಸೋತಿತು, ಕೋಚ್ ಬದಲಾದರು. ಆ ವರ್ಷ ಆ್ಯಂಡರ್ಸನ್ ಎಸೆದದ್ದು 10 ಟಚ್‌ಡೌನ್, 22 ಇಂಟರ್‌ಸೆಪ್ಶನ್. 1978, 1979 ಎರಡೂ ವರ್ಷ ತಂಡ ನಾಲ್ಕೇ ಗೆದ್ದಿತು. 1980ರಲ್ಲಿ 6 ಟಚ್‌ಡೌನ್, 13 ಇಂಟರ್‌ಸೆಪ್ಶನ್.

ಮೂರು ಕೆಟ್ಟ ವರ್ಷ ಅಂದರೆ ಕಡಿಮೆ ಅಲ್ಲ. ಇದರಿಂದಲೇ ಅವರು ಶುರುಮಾಡಿದ ಪಂದ್ಯಗಳ ಒಟ್ಟು ಲೆಕ್ಕ 91 ಗೆಲುವು, 81 ಸೋಲು ಎಂದು ನಿಲ್ಲುತ್ತದೆ. ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಪಂದ್ಯಗಳಲ್ಲಿ, 2 ಗೆಲುವು, 4 ಸೋಲು. ಗೆದ್ದ ತಂಡದವರಿಗೆ ಸಿಗುವ ಸೂಪರ್ ಬೌಲ್ ಉಂಗುರ ಇಲ್ಲ. ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಇಷ್ಟನ್ನೇ ಓದಿ ಹೇಳಿದರೆ ಒಳ್ಳೆಯ ಆಟಗಾರ, ಆದರೆ ಅಷ್ಟು ದೊಡ್ಡವರಲ್ಲ ಅನ್ನಿಸುವುದು ಸಹಜ.

ವಾಲ್ಶ್ ಹೋದ ಕೂಡಲೇ ಬಿದ್ದರಲ್ಲ, ಹಾಗಾದರೆ ಅಷ್ಟೆಲ್ಲ ವಾಲ್ಶ್ ಮಾಡಿದ್ದೇ ಅಲ್ವಾ? ಇದು ಎಲ್ಲಕ್ಕಿಂತ ಚೂಪಾದ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟದ್ದು 1981.

32ನೇ ವಯಸ್ಸಿನಲ್ಲಿ

1981ರ ಮೊದಲ ಪಂದ್ಯ ಸಿಯಾಟಲ್ ವಿರುದ್ಧ. ಬೆಂಗಾಲ್ಸ್ 0-21ರಿಂದ ಹಿಂದೆ ಬಿದ್ದಿತು. ಕೋಚ್ ಫಾರೆಸ್ಟ್ ಗ್ರೆಗ್ ಆ್ಯಂಡರ್ಸನ್‌ರನ್ನು ಹೊರಗೆ ಕೂರಿಸಿದರು. ಮೂರನೆಯ ಕ್ವಾರ್ಟರ್‌ಬ್ಯಾಕ್ ಟರ್ಕ್ ಶೋನರ್ಟ್ ಇಳಿದು ಪಂದ್ಯ ಗೆಲ್ಲಿಸಿಕೊಟ್ಟ. ಇನ್ನು ಆ್ಯಂಡರ್ಸನ್ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ವಯಸ್ಸು 32, ಹಿಂದೆ ಮೂರು ಕೆಟ್ಟ ವರ್ಷ, ಬೆಂಚಿನಲ್ಲಿ ಎಳೆಯರು.

ಗ್ರೆಗ್ ಇನ್ನೊಂದು ಅವಕಾಶ ಕೊಟ್ಟರು. ಸೀಸನ್ ಮುಗಿಯುವಾಗ ಆ್ಯಂಡರ್ಸನ್ ಲೆಕ್ಕ: 3,754 ಯಾರ್ಡ್, 29 ಟಚ್‌ಡೌನ್, 10 ಇಂಟರ್‌ಸೆಪ್ಶನ್, ರೇಟಿಂಗ್ 98.4. ತಂಡಕ್ಕೆ 12 ಗೆಲುವು, 4 ಸೋಲು. ಎಂವಿಪಿ, ವರ್ಷದ ಅತ್ಯುತ್ತಮ ದಾಳಿ ಆಟಗಾರ, ವರ್ಷದ ಮರಳಿ ಎದ್ದ ಆಟಗಾರ, ಮೂರೂ ಪ್ರಶಸ್ತಿ ಒಬ್ಬರಿಗೇ. ಆಗ ಪಕ್ಕದಲ್ಲಿ ವಾಲ್ಶ್ ಇರಲಿಲ್ಲ. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ತಂಡ ಕಟ್ಟುತ್ತಿದ್ದರು.

ಮರುವರ್ಷ ಆಟಗಾರರ ಮುಷ್ಕರದಿಂದ ಸೀಸನ್ 9 ಪಂದ್ಯಗಳಿಗೆ ಇಳಿಯಿತು. ಆ್ಯಂಡರ್ಸನ್ 309 ಪಾಸ್ ಎಸೆದು 218 ಗುರಿ ಮುಟ್ಟಿಸಿದರು. ನೂರಕ್ಕೆ 70.55. ಆ ದಾಖಲೆ 27 ವರ್ಷ ನಿಂತಿತು. 2009ರಲ್ಲಿ ಡ್ರೂ ಬ್ರೀಸ್ 70.62ಕ್ಕೆ ಮುಟ್ಟಿ ಅದನ್ನು ಕೂದಲೆಳೆಯಲ್ಲಿ ದಾಟಿದರು. ಸೀಸನ್ ಚಿಕ್ಕದು ಎಂಬ ಆಕ್ಷೇಪ ಸರಿಯೇ. ಆದರೆ ನಡುವಿನ ಅಷ್ಟು ವರ್ಷಗಳಲ್ಲಿ ಆಡಿದ ದಿಗ್ಗಜ ಕ್ವಾರ್ಟರ್‌ಬ್ಯಾಕ್‌ಗಳಾದ ಜೋ ಮೊಂಟಾನಾ, ಸ್ಟೀವ್ ಯಂಗ್, ಡ್ಯಾನ್ ಮರೀನೊ ಯಾರೂ ಅಲ್ಲಿಗೆ ತಲುಪಲಿಲ್ಲ ಎನ್ನುವುದೂ ಸರಿಯೇ.

ಇಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. 1978ರಲ್ಲಿ ಲೀಗ್ ನಿಯಮ ಬದಲಿಸಿತು. ಐದು ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವಂತಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈ ಚಾಚಿ ತಡೆಯಬಹುದು. ಪಾಸ್ ಎಸೆಯುವುದು ಸಲೀಸಾಯಿತು, ಎಲ್ಲರ ಅಂಕಿಗಳೂ ಏರಿದವು. ಅದಕ್ಕೇ ಆ ಗೆರೆಯ ಎರಡೂ ಬದಿಯ ಆಟಗಾರರನ್ನು ಹೋಲಿಸುವುದು ಕಷ್ಟ. ಆದರೆ ಆ್ಯಂಡರ್ಸನ್ ಹಳೆಯ ನಿಯಮದಲ್ಲಿ ಎರಡು ಸಲ (1974, 1975), ಹೊಸ ನಿಯಮದಲ್ಲಿ ಎರಡು ಸಲ (1981, 1982) ಲೀಗ್‌ಗೆ ಮೊದಲು ಬಂದರು. ಎರಡು ಬೇರೆ ಬೇರೆ ಆಟಗಳಲ್ಲಿ, ಬೇರೆ ಬೇರೆ ಕೋಚ್‌ಗಳ ಕೆಳಗೆ. ನನಗೆ ಈ ಪ್ರಕರಣದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಎರಡು ಜನವರಿ ಪಂದ್ಯಗಳು

1982ರ ಜನವರಿ 10. ಸಿನ್ಸಿನಾಟಿಯ ರಿವರ್‌ಫ್ರಂಟ್ ಸ್ಟೇಡಿಯಂ. ಶೂನ್ಯಕ್ಕಿಂತ 23 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ, ಮೇಲೆ ಕೊರೆಯುವ ಗಾಳಿ. ಎದುರಿಗೆ ಡ್ಯಾನ್ ಫೌಟ್ಸ್ ಅವರ ಸ್ಯಾನ್ ಡಿಯಾಗೊ ಚಾರ್ಜರ್ಸ್. ಹಿಂದಿನ ವಾರವಷ್ಟೇ ಮಯಾಮಿಯ ಸೆಖೆಯಲ್ಲಿ 41-38ರ ಪಂದ್ಯ ಗೆದ್ದು ಬಂದವರು. ಬೆಂಗಾಲ್ಸ್‌ನ ಮುಂಚೂಣಿಯವರು ಬರಿ ತೋಳಲ್ಲಿ ಮೈದಾನಕ್ಕಿಳಿದರು, ಎದುರಾಳಿ ನೋಡಲಿ ಅಂತ. ಆ ಗಾಳಿಯಲ್ಲಿ ಚೆಂಡು ಕಲ್ಲಿನಂತಾಗಿತ್ತು. ಆ್ಯಂಡರ್ಸನ್ 22ರಲ್ಲಿ 14 ಗುರಿ ಮುಟ್ಟಿಸಿದರು, ಎರಡು ಟಚ್‌ಡೌನ್, ಒಂದೂ ಇಂಟರ್‌ಸೆಪ್ಶನ್ ಇಲ್ಲ. ಫೌಟ್ಸ್ ಎರಡು ಇಂಟರ್‌ಸೆಪ್ಶನ್ ಕೊಟ್ಟರು. ಬೆಂಗಾಲ್ಸ್ 27-7ರಿಂದ ಗೆದ್ದಿತು.

ಎರಡು ವಾರದ ನಂತರ, ಜನವರಿ 24ರಂದು, ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ 16ನೇ ಸೂಪರ್ ಬೌಲ್. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್. ಅದರ ಕೋಚ್ ಬಿಲ್ ವಾಲ್ಶ್, ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ. ಸಿನ್ಸಿನಾಟಿಯಲ್ಲಿ ಆ್ಯಂಡರ್ಸನ್ ಜೊತೆ ಹದಗೊಳಿಸಿದ ಪದ್ಧತಿಯನ್ನೇ ವಾಲ್ಶ್ ಈಗ ಅವರ ವಿರುದ್ಧ ಹೂಡಿದ್ದರು.

ಮೊದಲರ್ಧ ಬೆಂಗಾಲ್ಸ್ ಕೈಯಾರೆ ಕೆಡಿಸಿಕೊಂಡಿತು. ಶುರುವಿನ ಕಿಕ್‌ನಲ್ಲೇ 49ರ್ಸ್ ಚೆಂಡು ಬಿಟ್ಟುಕೊಟ್ಟಿತ್ತು. ಆ್ಯಂಡರ್ಸನ್ ತಂಡವನ್ನು ಗೋಲಿನ ಹತ್ತಿರ ತಂದು, ಅಲ್ಲಿ ಎದುರಾಳಿ ಡ್ವೈಟ್ ಹಿಕ್ಸ್ ಕೈಗೆ ಎಸೆದರು. ಈ ತಪ್ಪು ಅವರದೇ, ಬೇರೆಯವರ ಮೇಲೆ ಹಾಕುವಂತಿಲ್ಲ. ಆಮೇಲೆ ಬೆಂಗಾಲ್ಸ್ ರಿಸೀವರ್ ಕ್ರಿಸ್ ಕಾಲಿನ್ಸ್‌ವರ್ತ್ ಪಾಸ್ ಹಿಡಿದು ಗೋಲಿನ ಹತ್ತಿರವೇ ಚೆಂಡು ಜಾರಿಸಿದರು. ಅರ್ಧ ಮುಗಿದಾಗ 49ರ್ಸ್ 20-0ರಿಂದ ಮುಂದೆ.

ಎರಡನೇ ಅರ್ಧದಲ್ಲಿ ಆ್ಯಂಡರ್ಸನ್ ತಾವೇ ಐದು ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ನಂತರ ಕಾಲಿನ್ಸ್‌ವರ್ತ್‌ಗೆ 49 ಯಾರ್ಡ್‌ನ ಒಂದು ಪಾಸ್. ಹಾಗೆ ಬಂದು ನಿಂತದ್ದು ಗೋಲಿನಿಂದ ಮೂರು ಯಾರ್ಡ್ ದೂರ. ನಾಲ್ಕು ಅವಕಾಶ. ಈ ಮೂರು ಯಾರ್ಡ್‌ಗಳ ಹಳೆಯ ಚಿತ್ರಿಕೆ ಸಿಕ್ಕಿದರೆ ತಪ್ಪದೆ ನೋಡಿ. ಮೊದಲು ಪೀಟ್ ಜಾನ್ಸನ್, ಆನೆಯಂಥ ಆಳು, ನುಗ್ಗಿ ಎರಡು ಯಾರ್ಡ್ ತೆಗೆದರು. ಉಳಿದದ್ದು ಒಂದು. ಮತ್ತೆ ಜಾನ್ಸನ್, ಏನೂ ಬರಲಿಲ್ಲ. ಮೂರನೆಯದು ಪಾಸ್. ಆ್ಯಂಡರ್ಸನ್ ಬಲಕ್ಕೆ ಚಾರ್ಲ್ಸ್ ಅಲೆಕ್ಸಾಂಡರ್‌ಗೆ ಎಸೆದರು, ಚೆಂಡು ಸರಿಯಾಗಿ ಕೈಗೆ ಬಂತು. ಹಿಡಿದ ಕ್ಷಣಕ್ಕೇ 49ರ್ಸ್‌ನ ಡ್ಯಾನ್ ಬಂಜ್ ಅಡ್ಡ ಬಿದ್ದು, ಗೆರೆಗೆ ಇಷ್ಟು ಮೊದಲು ಅವರನ್ನು ಹಿಂದಕ್ಕೆ ಎಳೆದು ಕೆಡವಿದರು. ನಾಲ್ಕನೆಯದು ಮತ್ತೆ ಜಾನ್ಸನ್. 49ರ್ಸ್ ಗೋಡೆಯಂತೆ ನಿಂತಿತು. ಒಂದು ಅಂಕವೂ ಇಲ್ಲ.

ಪಂದ್ಯ 26-21ಕ್ಕೆ ಮುಗಿಯಿತು. ಸೋತದ್ದು ಐದು ಅಂಕಕ್ಕೆ. ಆ್ಯಂಡರ್ಸನ್ 34ರಲ್ಲಿ 25 ಗುರಿ ಮುಟ್ಟಿಸಿ 300 ಯಾರ್ಡ್ ಎಸೆದಿದ್ದರು, ಎರಡು ಟಚ್‌ಡೌನ್, ಎರಡು ಇಂಟರ್‌ಸೆಪ್ಶನ್, ಜೊತೆಗೆ ಓಡಿ ಒಂದು. ಗುರಿ ಮುಟ್ಟಿದ ಪಾಸ್‌ಗಳ ಎಣಿಕೆಯಲ್ಲೂ ಸರಾಸರಿಯಲ್ಲೂ ಅದು ಆಗಿನ ಸೂಪರ್ ಬೌಲ್ ದಾಖಲೆ. ಮೊಂಟಾನಾ ಎಸೆದದ್ದು 157 ಯಾರ್ಡ್. ಪಂದ್ಯಶ್ರೇಷ್ಠ ಮೊಂಟಾನಾ.

ಆ ಒಂದು ಯಾರ್ಡ್ ಸಿಕ್ಕಿದ್ದರೆ? ಸುಮ್ನೆ ಕೇಳುತ್ತಿಲ್ಲ. ಆ ಸೀಸನ್‌ನಲ್ಲಿ ಎಂವಿಪಿಯೂ ಆಗಿ ಕಪ್ಪೂ ಗೆದ್ದಿದ್ದರೆ ಆ್ಯಂಡರ್ಸನ್ ಮೊದಲ ಸುತ್ತಿನಲ್ಲೇ ಕ್ಯಾಂಟನ್‌ಗೆ ಹೋಗುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹಾಗಾದರೆ ಪೀಟ್ ಜಾನ್ಸನ್ ಮುಂದೆ ದಾರಿ ಬಿಡಿಸಲು ತಳ್ಳುತ್ತಿದ್ದವರ ಒಂದು ಹೆಜ್ಜೆಯ ಮೇಲೆ ಇನ್ನೊಬ್ಬರ 16 ವರ್ಷದ ಕೆಲಸಕ್ಕೆ ಬೆಲೆ ಕಟ್ಟಿದಂತಾಯಿತಲ್ಲ. ಫೈನಲ್‌ನಲ್ಲಿ ಶತಕ ಹೊಡೆದ ಬ್ಯಾಟರ್‌ನನ್ನು ತಂಡ ಸೋತಿತೆಂದು ಶತಕದ ಪಟ್ಟಿಯಿಂದ ನಾವು ಅಳಿಸುತ್ತೇವಾ?

ಉಂಗುರದ ತಕ್ಕಡಿ

ಉಂಗುರ ಇಲ್ಲದಿದ್ದರೆ ಆಗದು ಎನ್ನುವವರು ಹಾಲ್‌ನ ಒಳಗೊಮ್ಮೆ ಸುತ್ತು ಹಾಕಬೇಕು. ಡ್ಯಾನ್ ಮರೀನೊ ಇದ್ದಾರೆ, ಸೂಪರ್ ಬೌಲ್ ಗೆದ್ದಿಲ್ಲ. ಫ್ರ್ಯಾನ್ ಟಾರ್ಕೆಂಟನ್ ಮೂರು ಸೋತವರು, ಜಿಮ್ ಕೆಲಿ ಸಾಲಾಗಿ ನಾಲ್ಕು ಸೋತವರು. ವಾರೆನ್ ಮೂನ್ ಸೂಪರ್ ಬೌಲ್ ಮುಖವನ್ನೇ ನೋಡಿಲ್ಲ. ಆ ಹೆಪ್ಪುಗಟ್ಟಿಸುವ ಚಳಿಯಲ್ಲಿ ಆ್ಯಂಡರ್ಸನ್ ಎದುರು ಸೋತ ಫೌಟ್ಸ್ ಕೂಡ ಸೂಪರ್ ಬೌಲ್ ಆಡಿದವರಲ್ಲ. ಅವರನ್ನು 1993ರಲ್ಲಿ ಮೊದಲ ಅವಕಾಶದಲ್ಲೇ ಆರಿಸಿದರು. ಅವರೆಲ್ಲ ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಫೌಟ್ಸ್ 43,040 ಯಾರ್ಡ್ ಎಸೆದವರು, ಆ್ಯಂಡರ್ಸನ್ 32,838. ಆದರೆ ಫೌಟ್ಸ್‌ಗೆ 254 ಟಚ್‌ಡೌನ್‌ಗೆ 242 ಇಂಟರ್‌ಸೆಪ್ಶನ್, ಆ್ಯಂಡರ್ಸನ್‌ಗೆ 197ಕ್ಕೆ 160. ರೇಟಿಂಗ್ 80.2ಕ್ಕೆ ಎದುರಾಗಿ 81.9.

ಇನ್ನು ಉಂಗುರ ಇರುವವರು. ಕೆನ್ ಸ್ಟೇಬ್ಲರ್ 194 ಟಚ್‌ಡೌನ್, 222 ಇಂಟರ್‌ಸೆಪ್ಶನ್. ಜೋ ನೇಮತ್ 173ಕ್ಕೆ 220. ಇಬ್ಬರೂ ಹಾಲ್‌ನಲ್ಲಿದ್ದಾರೆ. ನೂರು ಎಸೆತಕ್ಕೆ ಎಷ್ಟು ಎದುರಾಳಿಯ ಕೈಗೆ ಹೋದವು ಎಂದು ನೋಡಿದರೆ ಸ್ಟೇಬ್ಲರ್ 5.9, ನಾಲ್ಕು ಸೂಪರ್ ಬೌಲ್ ಗೆದ್ದ ಟೆರಿ ಬ್ರಾಡ್‌ಶಾ 5.4, ಆ್ಯಂಡರ್ಸನ್ 3.6. ಎಲ್ಲರೂ ಹೆಚ್ಚುಕಡಿಮೆ ಒಂದೇ ಕಾಲದವರು. ನಿಯಮ ಬೇರೆಯಿತ್ತು ಎಂಬ ನೆಪ ಇಲ್ಲಿ ನಡೆಯದು.

ಹಾಗಂತ ಉಂಗುರವೊಂದೇ ಸಾಕಾ? ಅದೂ ಇಲ್ಲ. 1971ರ ಡ್ರಾಫ್ಟ್‌ನ ಮೊದಲಿಗ ಪ್ಲಂಕೆಟ್ ಎರಡು ಸೂಪರ್ ಬೌಲ್ ಗೆದ್ದರು, ಹಾಲ್‌ನಲ್ಲಿಲ್ಲ. ಎರಡನೆಯವರಾದ ಆರ್ಚೀ ಮ್ಯಾನಿಂಗ್ ಅವರ ಮಗ ಈಲೈ ಎರಡು ಗೆದ್ದು ಎರಡರಲ್ಲೂ ಪಂದ್ಯಶ್ರೇಷ್ಠರಾದರು. 117 ಗೆಲುವು, 117 ಸೋಲಿನ ಅವರ ಲೆಕ್ಕ ಹಿಡಿದು ಈಗ ದೊಡ್ಡ ಚರ್ಚೆಯೇ ನಡೆಯುತ್ತಿದೆ. ಒಬ್ಬರಿಗೆ ಅಂಕಿ ಸಾಲದು, ಇನ್ನೊಬ್ಬರಿಗೆ ಉಂಗುರ ಸಾಲದು. ಯಾವಾಗ ಯಾವ ತಕ್ಕಡಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹಾಲ್‌ನ ನಿಯಮದಲ್ಲಿ ಕಪ್ ಗೆದ್ದಿರಬೇಕು ಎಂದು ಎಲ್ಲೂ ಇಲ್ಲ.

ಪ್ಲೇಆಫ್‌ನ 2-4ರ ಲೆಕ್ಕಕ್ಕೂ ಒಳಗೆ ಕೈಹಾಕಿ ನೋಡಬೇಕು. ಆ ಆರು ಪಂದ್ಯಗಳಲ್ಲಿ ಅವರ ರೇಟಿಂಗ್ 93.5. ಅಂದರೆ ಒತ್ತಡ ಏರಿದಾಗ ಆಟ ಮೇಲೆ ಹೋಯಿತೇ ಹೊರತು ಕೆಳಗೆ ಬರಲಿಲ್ಲ. 1975ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಸೋತದ್ದು 31-28ಕ್ಕೆ. ಆ ವರ್ಷ ಬೆಂಗಾಲ್ಸ್ 11 ಗೆದ್ದು 3 ಸೋತಿತ್ತು. ಆದರೂ ತಮ್ಮ ಗುಂಪಿನಲ್ಲಿ ಎರಡನೇ ಸ್ಥಾನ, ಯಾಕೆಂದರೆ ಅದೇ ಗುಂಪಿನಲ್ಲಿ 12 ಗೆದ್ದ ಸ್ಟೀಲರ್ಸ್ ಕೂತಿತ್ತು. ಆ ದಶಕದ ನಾಲ್ಕು ಸೂಪರ್ ಬೌಲ್ ಗೆದ್ದ ತಂಡವನ್ನು ವರ್ಷಕ್ಕೆರಡು ಸಲ ಎದುರಿಸಿ ಬಂದ 91-81 ಇದು.

ಸುತ್ತಲಿನವರೆಲ್ಲ ಒಳಗೆ

ಈಗ ಅವರ ಸುತ್ತ ಇದ್ದವರನ್ನು ನೋಡಿ. ಪಾಲ್ ಬ್ರೌನ್ ಹಾಲ್‌ನಲ್ಲಿದ್ದಾರೆ. ಫಾರೆಸ್ಟ್ ಗ್ರೆಗ್ ಆಟಗಾರರಾಗಿ ಇದ್ದಾರೆ. ವಾಲ್ಶ್ 1993ರಲ್ಲಿ, ಫೌಟ್ಸ್ ಜೊತೆ ಒಂದೇ ವರ್ಷ, ಹೋದರು. ಮೊಂಟಾನಾ 2000ದಲ್ಲಿ. ಸಿನ್ಸಿನಾಟಿಯಲ್ಲಿ ಆ್ಯಂಡರ್ಸನ್ ಪಾಸ್‌ಗಳನ್ನು ಹಿಡಿದು ಆಮೇಲೆ ಸ್ಯಾನ್ ಡಿಯಾಗೊಗೆ ಹೋದ ಚಾರ್ಲಿ ಜಾಯ್ನರ್ 1996ರಲ್ಲಿ ಹೋದರು. ಆ್ಯಂಡರ್ಸನ್ ಕೊನೆಯ ಸುತ್ತಿಗೆ ಮೊದಲ ಸಲ ಬಂದು ಸೋತದ್ದು ಅದೇ 1996ರಲ್ಲಿ. ಎರಡನೇ ಸಲ 1998ರಲ್ಲಿ. ಆಗ ಅವರನ್ನು ಎದುರಾಳಿಗಳಿಂದ ಕಾಯುತ್ತಿದ್ದ ಆಂಥನಿ ಮುನ್ಯೋಸ್ ಆಯ್ಕೆಯಾದರು. ಆ ಎರಡೂ ವರ್ಷ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ಆಯ್ಕೆಯಾಗಲಿಲ್ಲ. ಇವರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಒಬ್ಬರಿಗೆ ಜಾಗ ಬಿಟ್ಟುಕೊಟ್ಟರು ಎನ್ನುವಂತೆಯೂ ಇಲ್ಲ.

ಪದ್ಧತಿ ಕಂಡುಹಿಡಿದ ಕೋಚ್ ಒಳಗೆ, ಅದರಿಂದ ಗೆದ್ದ ಕ್ವಾರ್ಟರ್‌ಬ್ಯಾಕ್ ಒಳಗೆ. ಅದು ನಿಜಕ್ಕೂ ನಡೆಯುತ್ತದೆ ಎಂದು ಮೊದಲು ಲೀಗ್‌ಗೆ ತೋರಿಸಿಕೊಟ್ಟವರು ಹೊರಗೆ. ಪಾಸಿಂಗ್ ಆಟದ ಚರಿತ್ರೆಯನ್ನು ಆ್ಯಂಡರ್ಸನ್ ಹೆಸರಿಲ್ಲದೆ ಸರಿಯಾಗಿ ಬರೆಯಲು ಆಗುವುದಿಲ್ಲ. ಹಾಲ್ ಇರುವುದೇ ಅಂಥವರಿಗಾಗಿ ಅಲ್ವಾ?

ಊರಿನ ಗಾತ್ರದ ಪಾತ್ರವೂ ಇದೆ ಎಂದು ನನಗನ್ನಿಸುತ್ತದೆ. ಸಿನ್ಸಿನಾಟಿ ನ್ಯೂಯಾರ್ಕ್ ಅಲ್ಲ, ಡಲ್ಲಾಸ್ ಅಲ್ಲ. ಮತ ಹಾಕುವವರು ಹೆಚ್ಚಾಗಿ ಪತ್ರಕರ್ತರು. ಮುಚ್ಚಿದ ಸಭೆಯಲ್ಲಿ ಒಬ್ಬೊಬ್ಬರ ಪರವಾಗಿ ಒಬ್ಬರು ವಾದಿಸುತ್ತಾರೆ. ಟಿವಿಯಲ್ಲಿ ಹೆಚ್ಚು ಕಂಡವರ ನೆನಪು ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ. ಆ್ಯಂಡರ್ಸನ್ ಸ್ವಭಾವವೂ ಮೆರೆದಾಡುವಂಥದ್ದಲ್ಲ. ಆಡುತ್ತಲೇ ಕಾನೂನು ಪದವಿ ಮುಗಿಸಿದವರು. 1975ರಲ್ಲಿ ಸಮಾಜಸೇವೆಗೆ ಕೊಡುವ ಲೀಗ್‌ನ ವರ್ಷದ ವ್ಯಕ್ತಿ ಪ್ರಶಸ್ತಿ ಪಡೆದವರು. ಬೆಳವಣಿಗೆಯ ತೊಂದರೆ ಇರುವ ದೊಡ್ಡವರಿಗಾಗಿ ತಮ್ಮ ಹೆಸರಿನ ಸಂಸ್ಥೆ ನಡೆಸುತ್ತಾರೆ. ಇವು ಹಾಲ್‌ಗೆ ಹೋಗಲು ಕಾರಣವಾಗಬೇಕಿಲ್ಲ. ಆದರೆ ಗದ್ದಲ ಮಾಡದವರು ಮರೆತುಹೋಗಲು ಇದೂ ಒಂದು ಕಾರಣ.

ಹಿರಿಯರ ಪಟ್ಟಿಯ ತೊಡಕು

ನಿವೃತ್ತಿಯಾಗಿ ಐದು ವರ್ಷದ ನಂತರ ಆಟಗಾರರ ಹೆಸರು ಚುನಾವಣೆಗೆ ಬರುತ್ತದೆ. ಅಲ್ಲಿ ಅವಧಿ ಮುಗಿದರೆ ಹೆಸರು ಹಿರಿಯರ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ಬಾವಿಯಷ್ಟು ಆಳ. ದಶಕಗಳಿಂದ ಬಿಟ್ಟುಹೋದವರೆಲ್ಲ ಅಲ್ಲೇ ಇದ್ದಾರೆ.

2025ರಿಂದ ನಿಯಮ ಇನ್ನೂ ಬಿಗಿಯಾಯಿತು. ಮೂವರು ಹಿರಿಯ ಆಟಗಾರರು, ಒಬ್ಬ ಕೋಚ್, ಒಬ್ಬ ಕೊಡುಗೆದಾರ, ಐವರನ್ನೂ ಒಂದೇ ಗುಂಪಿಗೆ ಹಾಕಿದರು. ಪ್ರತಿ ಮತದಾರ ಐವರಲ್ಲಿ ಮೂವರನ್ನು ಮಾತ್ರ ಆರಿಸಬೇಕು. ಆಯ್ಕೆಯಾಗಲು ನೂರಕ್ಕೆ 80 ಮತ ಬೇಕು. ಮತ ಹಂಚಿಹೋಗುವುದು ಖಾತ್ರಿ. 2025ರಲ್ಲಿ ಈ ಗುಂಪಿನಿಂದ ಒಳಗೆ ಹೋದದ್ದು ಸ್ಟರ್ಲಿಂಗ್ ಶಾರ್ಪ್ ಒಬ್ಬರೇ.

2026ಕ್ಕೆ ಆ್ಯಂಡರ್ಸನ್ ಕೊನೆಗೂ ಹಿರಿಯರ ಅಂತಿಮ ಮೂವರಲ್ಲಿ ಬಂದರು. ಜೊತೆಗಿದ್ದವರು ರೋಜರ್ ಕ್ರೇಗ್ ಮತ್ತು ಎಲ್. ಸಿ. ಗ್ರೀನ್‌ವುಡ್. ಹೌದು, 1974ರಲ್ಲಿ ಆ 20 ಪಾಸ್‌ಗಳನ್ನು ಎದುರಿಗೆ ನಿಂತು ನೋಡಿದ ಅದೇ ಗ್ರೀನ್‌ವುಡ್. ಗುಂಪಿನ ಇನ್ನಿಬ್ಬರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಆರು ಸೂಪರ್ ಬೌಲ್ ಗೆಲ್ಲಿಸಿದ ಕೋಚ್ ಬಿಲ್ ಬೆಲಿಚಿಕ್, ಅದೇ ತಂಡದ ಒಡೆಯ ರಾಬರ್ಟ್ ಕ್ರಾಫ್ಟ್. ಮತ ಬೆಲಿಚಿಕ್‌ಗೂ ಸಾಲಲಿಲ್ಲ. ಆಯ್ಕೆಯಾದದ್ದು ಕ್ರೇಗ್ ಒಬ್ಬರೇ. ವಾಲ್ಶ್ ಪದ್ಧತಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪರ ಮಿಂಚಿದವರು ಅವರು. ಅರ್ಹರೇ. ಅದೇ ವರ್ಷ ಸಾಮಾನ್ಯ ಪಟ್ಟಿಯಿಂದ ಡ್ರೂ ಬ್ರೀಸ್ ಮೊದಲ ಅವಕಾಶದಲ್ಲೇ ಒಳಗೆ ಹೋದರು. ಗುರಿಯ ದಾಖಲೆಯಲ್ಲಿ ಅವರು ದಾಟಿದ ಹೆಸರು ಮತ್ತೆ ಹೊರಗೇ ಉಳಿಯಿತು.

ನನಗೆ ನಿಜವಾಗಿ ನೋವಾಗುವುದು ಇನ್ನೊಂದು ಕಾರಣಕ್ಕೆ. ಸ್ಟೇಬ್ಲರ್ 2015ರಲ್ಲಿ ತೀರಿಕೊಂಡರು, ಆಯ್ಕೆಯಾದದ್ದು 2016ರಲ್ಲಿ. ಬೆಂಗಾಲ್ಸ್‌ನಲ್ಲಿ ಆ್ಯಂಡರ್ಸನ್ ಜೊತೆ ವರ್ಷಗಟ್ಟಲೆ ಆಡಿ 65 ಇಂಟರ್‌ಸೆಪ್ಶನ್ ಹಿಡಿದ ಕೆನ್ ರೈಲಿ 2020ರಲ್ಲಿ ತೀರಿಕೊಂಡರು, ಆಯ್ಕೆಯಾದದ್ದು 2023ರಲ್ಲಿ. ಗ್ರೀನ್‌ವುಡ್ 2013ರಲ್ಲೇ ತೀರಿಕೊಂಡಿದ್ದಾರೆ. ವೇದಿಕೆಗೆ ಬಂದು ತಮ್ಮ ಪ್ರತಿಮೆಯ ಪಕ್ಕ ನಿಂತು ಎರಡು ಮಾತಾಡುವ ಭಾಗ್ಯ ಅವರಿಗೆ ಸಿಗಲಿಲ್ಲ. ಆ್ಯಂಡರ್ಸನ್‌ಗೆ ಈಗ 77. ಬೆಂಗಾಲ್ಸ್ ತನ್ನ ಗೌರವ ಪಟ್ಟಿಯನ್ನು 2021ರಲ್ಲಿ ಶುರುಮಾಡಿದಾಗ ಮೊದಲ ನಾಲ್ಕು ಹೆಸರುಗಳಲ್ಲಿ ಇವರದ್ದೂ ಇತ್ತು. ಬ್ರೌನ್, ಮುನ್ಯೋಸ್, ರೈಲಿ ಮೂವರೂ ಈಗ ಕ್ಯಾಂಟನ್‌ನಲ್ಲಿದ್ದಾರೆ.

2026ರ ಆ ಐವರಲ್ಲಿ ನನಗೆ ಮೂರು ಮತ ಇದ್ದಿದ್ದರೆ ಆ್ಯಂಡರ್ಸನ್, ಬೆಲಿಚಿಕ್, ಗ್ರೀನ್‌ವುಡ್ ಎಂದು ಬರೆಯುತ್ತಿದ್ದೆ. ಕ್ರೇಗ್‌ರನ್ನು ಬಿಡಬೇಕಾಗಿ ಬರುತ್ತಿತ್ತು, ಅದು ನ್ಯಾಯವಲ್ಲ. ಆ ನಿಯಮದ ತೊಂದರೆಯೇ ಅದು. ಕೋಚ್ ಮತ್ತು ತಂಡದ ಒಡೆಯರನ್ನು ಬೇರೆ ಪಟ್ಟಿಗೆ ಹಾಕಿ, ಹಿರಿಯ ಆಟಗಾರರಲ್ಲಿ ಒಬ್ಬೊಬ್ಬರಿಗೂ ಹೌದು ಅಥವಾ ಇಲ್ಲ ಎಂದು ಪ್ರತ್ಯೇಕವಾಗಿ ಮತ ಹಾಕುವಂತೆ ಮಾಡಬೇಕು. 2024ರವರೆಗೆ ಹಿರಿಯರ ಹೆಸರುಗಳನ್ನು ಒಂದೊಂದಾಗಿಯೇ ಮತಕ್ಕೆ ಹಾಕುತ್ತಿದ್ದರು. ರೈಲಿ ಒಳಗೆ ಹೋದದ್ದು ಆ ನಿಯಮದಲ್ಲೇ.